ಎರಡನೇ ನಡೆಯ ಬಿಷಪ್

ನಿತೆರೋಯ್
14 ಆಗಸ್ಟ್ 1998

ಪ್ರೀತಿಯ ಜುರೆಮಾ,

ಇಪ್ಪತ್ತನಾಲ್ಕು ವರ್ಷ ಸುಮ್ಮನಿದ್ದವಳು ಈಗೇಕೆ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಮಂಗಳವಾರ ನಿನ್ನ ಮಗಳು ಲುವಾನಾ ನಮ್ಮ ಕ್ಲಬ್ಬಿಗೆ ಚೆಸ್ ಕಲಿಯಲು ಬಂದಳು. ಓರೆಯಾಗಿ ನಿಂತಿದ್ದ ಕಾಯಿಯನ್ನು ಮುಟ್ಟುವ ಮೊದಲು 'ಅಜೇಯ್ತು!' ಎಂದು ಎಷ್ಟು ಜೋರಾಗಿ ಕೂಗಿದಳೆಂದರೆ ಎಲ್ಲರೂ ನಕ್ಕುಬಿಟ್ಟರು. "ಬರೀ ಸರಿ ಮಾಡಿಡ್ತೀನಿ ಅನ್ನೋಕೆ ಇಷ್ಟು ಕಿರುಚ್ಬೇಕೇನೇ, ಮೀನು ಮಾರ್ತಿದ್ದೀಯಾ?" ಎಂದೆ. "ಅಮ್ಮ ಹೇಳ್ಕೊಟ್ಟಿದ್ದು ದೋನಾ ಇಲ್ಮಾ. ಆಟದ ಗುಂಗಲ್ಲಿ ಎದುರಿಗಿರೋರಿಗೆ ಕೇಳ್ಸಲ್ವಂತೆ" ಎಂದಳು. ಅಮ್ಮ ಯಾರೆಂದು ಕೇಳಿದೆ. ನಿನ್ನ ಹೆಸರು ಹೇಳಿದಳು. ಆಮೇಲೆ ನನಗೆ ಪಾಠ ಮಾಡಲಾಗಲಿಲ್ಲ.

ಜು, ನನಗೆ ಕೇಳಿಸಿತ್ತು.

ರಿಯೋದ ಆ ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ನೀನು ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದೆ, ನಾನು ಕುದುರೆ ತಂದೆ. ಮುಂದೆ ಪಕ್ಕದ ಕಾಲಾಳನ್ನು ನಡೆಸುತ್ತೀಯೆಂದು ನನಗೆ ಗೊತ್ತೇ ಇತ್ತು. ವರ್ಷವಿಡೀ ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಅದನ್ನೇ ಅಭ್ಯಾಸ ಮಾಡಿದ್ದೆವು. ಅದರ ಹಿಂದಿನ ಬಿಷಪ್ ಸೊಟ್ಟಗಿತ್ತು. ನೀನು ಮೆಲ್ಲಗೆ 'ಅಜೇಯ್ತು' ಎಂದು ಅದನ್ನು ನೆಟ್ಟಗಿಟ್ಟೆ. ನಾನು ಕೈಯೆತ್ತಿದೆ. ತೀರ್ಪುಗಾರರು ಬಂದು ಕೇಳಿದಾಗ "ಏನೂ ಹೇಳ್ಲಿಲ್ಲ ಸಾರ್, ಸುಮ್ನೆ ಮುಟ್ಟಿದ್ಲು" ಎಂದುಬಿಟ್ಟೆ. ನೀನು ನನ್ನ ಮುಖವನ್ನೇ ನೋಡಿದೆ. "ನಾನೇ ಮೆತ್ತಗೆ ಹೇಳಿದ್ನೇನೋ, ಬಿಡಿ ಸಾರ್" ಎಂದೆ ನೀನು.

ಹಾಗೆ ಹೇಳದೆ ಮುಟ್ಟಿದ ಕಾಯಿಯನ್ನು ನಡೆಸಲೇಬೇಕಲ್ಲ. ಎರಡನೇ ನಡೆಯಲ್ಲೇ ನೀನು ಆ ಬಿಷಪ್ಪನ್ನು ನನ್ನ ಕುದುರೆಯ ಮೇಲೆ ಗುರಿಯಿಟ್ಟು ಕೂರಿಸಿದೆ. ನಮ್ಮ ದೇಶದ ಆಟಗಾರ ಟ್ರೊಂಪೊವ್ಸ್ಕಿಯ ಹೆಸರು ಹೊತ್ತ ನಡೆ ಅದು, ಕೆಟ್ಟದ್ದೇನಲ್ಲ. ಆದರೆ ನೀನು ಒಂದು ದಿನವೂ ಅದನ್ನು ಆಡಿರಲಿಲ್ಲ. ನೀನು ಸೋತೆ. ಸೋತರೆ ಚೆಸ್ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂರಬೇಕೆಂದು ನಿಮ್ಮಪ್ಪ ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ರಾಜ್ಯದ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ನೀನು ನನಗಿಂತ ಚೆನ್ನಾಗಿ ಆಡುತ್ತಿದ್ದೆ, ಜು. ಅದಕ್ಕೇ ಮಾಡಿದೆ.

ಈಗ ಮಕ್ಕಳಿಗೆ ಎಲ್ಲವನ್ನೂ ಕಲಿಸುತ್ತೇನೆ, ಆ ಒಂದು ನಡೆಯನ್ನು ಬಿಟ್ಟು. ಲುವಾನಾಳದು ನಿನ್ನದೇ ಕೈ. ಇದನ್ನು ಓದಿದ ಮೇಲೂ ಅವಳನ್ನು ನನ್ನ ಹತ್ತಿರ ಬಿಡುತ್ತೀಯಾ? ಬೇಡವೆಂದರೆ ಬೇರೆ ಒಳ್ಳೆಯ ಗುರುವನ್ನು ನಾನೇ ಹುಡುಕಿಕೊಡುತ್ತೇನೆ. ಕ್ಷಮಿಸು ಎನ್ನಲು ಬಾಯಿ ಬರುತ್ತಿಲ್ಲ.

ನಿನ್ನ ಗೆಳತಿಯಾಗಿದ್ದ
ಇಲ್ಮಾ

ತಾ.ಕ.: ಊರಲ್ಲಿ ಇಷ್ಟು ಕ್ಲಬ್ಬುಗಳಿರುವಾಗ ಇಲ್ಲಿಗೇ ಯಾಕೆ ಬಂದೆಯೆಂದು ಲುವಾನಾಳನ್ನು ಕೇಳಿದ್ದೆ. "ಅಮ್ಮನೇ ಕಳ್ಸಿದ್ದು. ಇಲ್ಮಾಗೆ ಆಟದಲ್ಲಿ ಮೋಸ ಅನ್ನೋದೇ ಗೊತ್ತಿಲ್ಲ, ಅವ್ಳ ಹತ್ರಾನೇ ಕಲಿ ಅಂದ್ಲು" ಎಂದಳು.