ಅರ್ಜಿ ಕಳಿಸಿದ ಮೇಲೆ ಹಿಂಬದಿ ಓದು

ಚಿನ್ನು,

ಊಟ ಮುಚ್ಚಿಟ್ಟಿದ್ದೀನಿ. ಕನ್ನಡಕ ಸಿಗಲಿಲ್ಲ, ಅದಕ್ಕೇ ಪಕ್ಕದ ಮನೆ ಟೀಚರ್ ಕೈಲಿ ಬರೆಸ್ತಿದ್ದೀನಿ.

ಆಕ್ಯುಪೇಷನಲ್ ಥೆರಪಿ ಮಾಸ್ಟರ್ಸ್ ಅರ್ಜಿಗೆ ಇವತ್ತು ಐದು ಗಂಟೆಗೆ ಕೊನೆ. ಈ ಅಪ್ಪ ಒಬ್ಬನೇ ಆಗ್ತಾನೆ ಅಂತ ಮನೆ ಹತ್ತಿರದ ಕಾಲೇಜಿಗೆ ಹಾಕಿದರೆ ನಾನು ಸುಮ್ಮನಿರಲ್ಲ. ಕೈ ಚಿಕಿತ್ಸೆ ಚೆನ್ನಾಗಿ ಕಲಿಸೋ ಆ ದೂರದ ಕಾಲೇಜಿಗೇ ಹಾಕು. ಮೂವತ್ತು ವರ್ಷ ಮಂದಿಗೆ ಬಟ್ಟೆ ಹೊಲಿದವನಿಗೆ ತನ್ನ ತಟ್ಟೆ ತೊಳ್ಕೊಳ್ಳೋಕೆ ಬರಲ್ವಾ?

ಕಳಿಸಿದ ಮೇಲೇ ಹಿಂಬದಿ ಓದು.

*

ಕಳಿಸಿದ್ದಾಯ್ತಾ? ಡಾಕ್ಟರ ಹತ್ತಿರ ಹೋಗಿದ್ದೀನಿ. ಬೆರಳಿನ ಪರೀಕ್ಷೆಗೆ ಅಂತ ನೀನು ತಂದಿಟ್ಟ ಒಂಬತ್ತು ಗೂಟದ ಹಲಗೇಲಿ ದಿನಾ ಕದ್ದುಮುಚ್ಚಿ ನನ್ನ ಕೈ ನೋಡ್ಕೋತಿದ್ದೆ. ಹೋದ ವಾರ ಐದು ಗೂಟ ತೂತಲ್ಲಿ ಕೂತವು. ಇವತ್ತು ಒಂದೂ ಕೂರಲಿಲ್ಲ. ಹೊಲಿಗೆ ಮೆಷಿನ್ ಕೆಳಗೆ ಬಿದ್ದಿವೆ, ಹೆಕ್ಕಿಡು.

ಕನ್ನಡಕ ಮೂಗಿನ ಮೇಲೇ ಇದೆ. ಪೆನ್ನೇ ಕೈಯಲ್ಲಿ ನಿಲ್ಲಲಿಲ್ಲ.

ಅಪ್ಪ