ಅಜ್ಜಾರ ಫೋಟೊಕ್ಕೆ ಬಿಳಿ ಪರದೆ

ಭುವನಾ,

ನಾನು ಲಿಂಗಸುಗೂರಿಗೆ ತೊಟ್ಟಿಲ ಕಾರ್ಯಕ್ರಮದ ಫೋಟೊಕ್ಕೆ ಹೊರಟೆ. ಪಾಮನಕಲ್ಲೂರಿಗೆ ನೀನೇ ಹೋಗಬೇಕು. ಅಮರಗುಂಡಪ್ಪ ಅಜ್ಜಾರ ಫೋಟೊ ಸಂಜೆಯೊಳಗೆ ಸಿಂಧನೂರಿನ ಪ್ರೆಸ್ಸಿಗೆ ಸೇರದಿದ್ದರೆ, ಅವರ ತತ್ವಪದಗಳ ಪುಸ್ತಕ ಅವರ ಮುಖವಿಲ್ಲದೆಯೇ ಅಚ್ಚಾಗುತ್ತದೆ.

ಮಡಚುವ ಬಿಳಿ ಪರದೆ ಬಾಗಿಲ ಹಿಂದಿದೆ. ಬಿಚ್ಚಿದರೆ ಅದು ಡಬ್ಬಿಯಂತಾಗುತ್ತದಲ್ಲ, ಅದರೊಳಗೆ ಇಡುವ ಎರಡೂ ಲೈಟು ಚಾರ್ಜ್ ಆಗಿವೆ. ಅಜ್ಜಾರನ್ನು ಪರದೆಯಿಂದ ನಾಲ್ಕು ಹೆಜ್ಜೆ ಮುಂದೆ ಕೂರಿಸು. ಹಿಂದಿನ ಬೆಳಕು ಹೆಚ್ಚಾದರೆ ಅವರ ಬಿಳಿ ರುಮಾಲು ಅದರಲ್ಲೇ ಕರಗಿಹೋಗುತ್ತದೆ, ಕಡಿಮೆ ಮಾಡಿಕೋ. ಬೆವರು ಒರೆಸಲು ಹೋಗಿ ಹಣೆಯ ವಿಭೂತಿ ಅಳಿಸೀಯೆ ಮತ್ತೆ!

ಸುಮ್ಮನೆ ಕೂತರೆ ಅವರ ಮುಖ ಬಿಗಿಯುತ್ತದೆ. ಒಂದು ಪದ ಹಾಡಿಸು. ಹಾಡು ಮುಗಿದ ಮೇಲೆ ಕಣ್ಣು ತೆರೆದು, ಕೇಳುತ್ತಿದ್ದವರನ್ನು ಒಂದು ಗಳಿಗೆ ನೋಡುತ್ತಾರೆ. ಆಗ ಒತ್ತು.

ಮೊನ್ನೆ ನಾನು ಹೋದಾಗ ಆದದ್ದನ್ನು ನಿನಗೆ ಹೇಳಿರಲಿಲ್ಲ. ಅವರು ದನಿ ತೆಗೆದದ್ದೇ ತಡ, ನಾನು ಕ್ಯಾಮೆರಾ ಕೆಳಗಿಟ್ಟು ಕೈ ಮುಗಿದು ಕೂತುಬಿಟ್ಟೆ. ಮೂರು ಪದ ಮುಗಿದರೂ ಫೋಟೊ ಒಂದೂ ಇಲ್ಲ. “ಯಾಕಲೇ ಬಸಲಿಂಗ, ಫೋಟೊ ತೆಗ್ಯಾಕ ಬಂದೀಯೋ, ಪದ ಕೇಳಾಕ ಬಂದೀಯೋ?” ಎಂದು ನಕ್ಕರು. ಇಂದು ಹೋದರೂ ನನ್ನ ಗತಿ ಅದೇ. ಅದಕ್ಕೇ ಲಿಂಗಸುಗೂರಿನ ಕೆಲಸ ನಾನು ಹಿಡಿದೆ.

“ಪದ ಅಂದ್ರ ನಂಗ ನಿದ್ದಿ ಬರ್ತದ” ಅನ್ನುತ್ತೀಯಲ್ಲ, ಆ ಮಾತಿಗೆ ಇಷ್ಟು ದಿನ ಸಿಟ್ಟಾಗುತ್ತಿದ್ದೆ. ಇಂದೊಂದು ದಿನ ಎಚ್ಚರ ಇರು, ಸಾಕು. ಅಜ್ಜಾರ ಎದುರು ಕೈ ಮುಗಿಯದೆ ಕ್ಯಾಮೆರಾ ಹಿಡಿದು ನಿಲ್ಲಬಲ್ಲವಳು ಈ ಮನೆಯಲ್ಲಿ ನೀನೊಬ್ಬಳೇ.

ಬಸವಲಿಂಗ