ಬಿದ್ದುಹೋದ ನಿರ್ಣಯ

೨೪-೭-೧೯೯೮, ಶುಕ್ರವಾರ. ಹರಪನಹಳ್ಳಿ.

ಹೇಳಿದ್ದಕ್ಕೆಲ್ಲ ಕೈ ಎತ್ತುವ ಕೋಲೆಬಸವ ಎಂದು ಮೂರು ವರ್ಷದಿಂದ ನಾನು ಬೈಯುತ್ತಿದ್ದ ನಮ್ಮ ಶಾಸಕರು ನಿನ್ನೆ ವಿಧಾನಸಭೆಯಲ್ಲಿ, ಹಲವಾಗಲಿನ ಹೊಳೆಗೆ ಸೇತುವೆ ಬೇಕೆಂದು ನಿರ್ಣಯ ಮಂಡಿಸಿದ್ದಾರೆ. ಸ್ವಂತ ಪಕ್ಷದವರೇ ಅದನ್ನು ಧ್ವನಿಮತದಲ್ಲಿ ಮುಳುಗಿಸಲು ನೋಡಿದಾಗ, ತಲೆ ಎಣಿಸಿ ಹೆಸರು ಬರೆದುಕೊಳ್ಳಿರೆಂದು ಪಟ್ಟು ಹಿಡಿದರಂತೆ. ಎಣಿಸಿದರು, ನಿರ್ಣಯ ಬಿತ್ತು. ಪತ್ರಿಕೆ ಓದಿದಾಗಿನಿಂದ ಮನಸ್ಸು ತುಂಬಿದೆ. ಮಗಳು ಸುಕನ್ಯಾ ಪಾಠ ಹೇಳಲು ದಿನವೂ ಆ ಹೊಳೆಯನ್ನು ತೆಪ್ಪದಲ್ಲಿ ದಾಟುತ್ತಾಳೆ.

“ಅವರು ಸೋತಾರ, ನೀವು ನಗಾಕ ಹತ್ತೀರಲ್ರೀ,” ಎಂದಳು ನನ್ನಾಕೆ.

“ಬ್ಯಾಡ ಅಂದೋರ ಹೆಸರು ದಾಖಲಾತಲ್ಲೇ. ಅದರಾಗಿನ ಮಂತ್ರಿಗಳು ಇನ್ನ ಇಲ್ಲಿ ಭಾಷಣಕ್ಕ ಬರಲಿ, ನೋಡ್ತೀನಿ.”

“ಹಂಗಾರ ನಮ್ಮ ಶಾಸಕರಿಗೊಂದು ಕಾರ್ಡು ಬರೀರಿ. ಬೈಯಾಕ ಎಷ್ಟು ಬರದೀರಿ.”

ಕಾರ್ಡು ಮುಂದಿದೆ. ‘ಮಾನ್ಯರೇ’ ಎಂದು ಬರೆದು ಕುಳಿತಿದ್ದೇನೆ. ಬೈಗುಳವಾಗಿದ್ದರೆ ಇಷ್ಟು ಹೊತ್ತಿಗೆ ಜಾಗ ಸಾಲುತ್ತಿರಲಿಲ್ಲ.